ಅಡುಗೆ ಬೋಗಿಯ ಹಿಂಬದಿ

ನೀವು ಕಳೆದ ಸಲ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದಾಗ, ಅಲ್ಲಿಟ್ಟಿದ್ದ ಒಂದಾದರೂ ವಸ್ತುವಿನ ಹಿಂಬದಿಗೆ ಹೋಗಿ ನೋಡಿದಿರಾ?

ಇಲ್ಲ. ನೀವು ನೋಡಿಲ್ಲವೆಂದು ನಾನು ಖಚಿತವಾಗಿ ಹೇಳಬಲ್ಲೆ. ನಾಲ್ಕು ವರ್ಷ, ಹದಿನೈದು ದಿನಕ್ಕೊಂದು ಶನಿವಾರ, ಕೊರಳಿಗೆ ಸ್ವಯಂಸೇವಕಿಯ ಗುರುತುಪಟ್ಟಿ ತೂಗುಹಾಕಿಕೊಂಡು ನಾನು ನಿಮ್ಮನ್ನೇ ನೋಡುತ್ತ ನಿಂತಿದ್ದೇನೆ. ನೀವು ಬರುತ್ತೀರಿ, ಎಂಜಿನ್ನಿನ ಮುಂದೆ ನಿಲ್ಲುತ್ತೀರಿ, ಫೋನು ಎತ್ತುತ್ತೀರಿ, ವಸ್ತುವಿಗೆ ಬೆನ್ನು ಮಾಡಿ ನಗುತ್ತೀರಿ, ಹೋಗುತ್ತೀರಿ. ನೋಡಲೆಂದು ಬಂದದ್ದಕ್ಕೆ ಬೆನ್ನು ತೋರಿಸುವ ಈ ಅಭ್ಯಾಸವನ್ನು ನಿಮಗೆ ಯಾವ ಶಾಲೆ ಕಲಿಸಿತೋ ನನಗೆ ತಿಳಿಯದು. ನಾನು ಕಲಿಸಲಿಲ್ಲ.

ನನ್ನ ಹೆಸರು ಮೃಣಾಲಿನಿ. ಹುಟ್ಟೂರು ಹೊಸಪೇಟೆ. ಮದುವೆಯಾಗಿ ವಿಶಾಖಪಟ್ನಕ್ಕೆ ಬಂದು, ಅಲ್ಲಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತಳಾದೆ. ನನ್ನ ಪತಿ ನರಸಿಂಹಮೂರ್ತಿ ತೆಲುಗಿನವರು, ಉಕ್ಕಿನ ಕಾರ್ಖಾನೆಯಲ್ಲಿದ್ದವರು. ಗಾಜುವಾಕದ ನಮ್ಮ ಮನೆಯ ಊಟದ ಮೇಜಿನ ಮುಕ್ಕಾಲು ಭಾಗವನ್ನು ನಾನು ರೈಲು ಮಾದರಿಗಳ ಕೆಲಸಕ್ಕೆ ಆಕ್ರಮಿಸಿಕೊಂಡಿದ್ದೇನೆ. ಉಳಿದ ಕಾಲು ಭಾಗದಲ್ಲಿ ಅವರು ತಟ್ಟೆ ಇಟ್ಟುಕೊಂಡು, ನನ್ನಿಂದ ಕಲಿತ ಹೊಸಪೇಟೆ ಕನ್ನಡದಲ್ಲೇ ಅಣಕಿಸುತ್ತಾರೆ: "ಟೀಚರ್‌ಗಾರು, ಇವತ್ತ ಪಲ್ಯದಾಗ ಹಿತ್ತಾಳಿ ಪುಡಿ ಬಿದ್ದಿಲ್ಲಲ್ರೀ?"

ಮಾದರಿ ಕಟ್ಟುವುದೆಂದರೆ ಆಟಿಕೆ ಮಾಡುವುದಲ್ಲ. ನಿಜವಾದ ಬೋಗಿಯನ್ನು ಅಳತೆಪಟ್ಟಿ ಹಿಡಿದು ಅಂಗುಲ ಅಂಗುಲವಾಗಿ ಅಳೆಯಬೇಕು. ಪ್ರತಿ ಅಳತೆಯನ್ನು ಮೂವತ್ತೆರಡರಿಂದ ಭಾಗಿಸಬೇಕು. ಬಂದ ಅಂಕಿಗೆ ಹಿತ್ತಾಳೆಯ ತಗಡನ್ನು ಕತ್ತರಿಸಬೇಕು. ರಿವೆಟ್ಟುಗಳನ್ನು ಎಣಿಸಬೇಕು. ನಿಜದಲ್ಲಿ ಒಂದು ಸಾಲಿಗೆ ನಲವತ್ತೇಳಿದ್ದರೆ ಮಾದರಿಯಲ್ಲಿಯೂ ನಲವತ್ತೇಳೇ ಇರಬೇಕು. ಒಬ್ಬ ಸ್ವಯಂಸೇವಕ ನಲವತ್ತಾರು ಒತ್ತಿ ತಂದಾಗ ನಾನು ಅವನ ತಗಡನ್ನು ಹಿಂತಿರುಗಿಸಿ, "ಮಾದರಿ ಸುಳ್ಳು ಹೇಳಬಾರದು" ಎಂದಿದ್ದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಇದನ್ನು ನಾನೇ ಆಡಿದ್ದು.

ಆ ಸಂಗ್ರಹಾಲಯವಿರುವುದು ವಿಜಯವಾಡದಲ್ಲಿ, ಹಳೆಯ ಸರಕು ಶೆಡ್ಡೊಂದರಲ್ಲಿ. ರೈಲಿನ ಹುಚ್ಚಿರುವ ಕೆಲವರು ಕೂಡಿ ಮಾಡಿಕೊಂಡ ಟ್ರಸ್ಟು ಅದನ್ನು ನಡೆಸುತ್ತದೆ. ಗೌರವ ಕಾರ್ಯದರ್ಶಿ ದಿನೇಶ, ಬ್ಯಾಂಕೊಂದರ ಅಧಿಕಾರಿ. ಮಂಡ್ಯದ ಕಡೆಯಿಂದ ವರ್ಗವಾಗಿ ಬಂದವನು. ಕನ್ನಡ ಕೇಳಿದ ಸಂತೋಷಕ್ಕೆ ನಾನು ಮೊದಲ ದಿನವೇ ಅವನನ್ನು ನಂಬಿದೆ. ಬೆಳಿಗ್ಗೆ ಮನೆಯ ಹತ್ತಿರದ ದುವ್ವಾಡ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ವಿಜಯವಾಡ. ಭಾನುವಾರ ಸಂಜೆಯವರೆಗೆ ತುಕ್ಕು ತಿಕ್ಕುವುದು, ಎಣ್ಣೆ ಸವರುವುದು, ನಿಮಗೆ ವಿವರಿಸುವುದು. ಇದು ನನ್ನ ದಿನಚರಿಯಾಗಿತ್ತು.

ಶೆಡ್ಡಿನ ಒಳಗೆ, ಗೋಡೆಗೆ ಮೂರಡಿ ಸಂದಿ ಬಿಟ್ಟು, ಒಂದು ಅಡುಗೆ ಬೋಗಿ ನಿಂತಿತ್ತು. ಅಪಘಾತವೋ ಪ್ರವಾಹವೋ ಆದ ಕಡೆಗೆ ಹೋಗಿ ನೂರಾರು ಜನರಿಗೆ ಅಡುಗೆ ಮಾಡಿ ಹಾಕುವ ಬೋಗಿ. ಅದರ ಒಂದು ಬದಿಯಲ್ಲಿ ಊಟ ಬಡಿಸುವ ದೊಡ್ಡ ಕಿಟಕಿಗಳಿವೆ, ಕೆಳಕ್ಕೆ ಮಡಚುವ ಹಲಗೆಗಳಿವೆ, ನೋಡಲು ಅಂದ. ಇನ್ನೊಂದು ಬದಿ ಬರಿಯ ತಗಡು. ಕಿಟಕಿಗಳ ಬದಿ ನಿಮ್ಮ ಕಡೆಗಿತ್ತು. ತಗಡಿನ ಬದಿ ಗೋಡೆಯ ಕಡೆಗಿತ್ತು.

ಎರಡು ವರ್ಷದ ಹಿಂದೆ ಒಂದು ಶನಿವಾರ ಇಬ್ರಾಹಿಂಪಟ್ನದಿಂದ ಕೋಟೇಶ್ವರಮ್ಮ ಎಂಬಾಕೆ ಬಂದಳು. ವಿದ್ಯುತ್ ಸ್ಥಾವರದ ಗೇಟಿನ ಎದುರು ಟಿಫಿನ್ ಬಂಡಿ ಇಟ್ಟುಕೊಂಡವಳು. ಸೀರೆಯ ಅಂಚಿನಲ್ಲಿ ಬೂದಿಯ ಧೂಳು. ಟಿಕೆಟ್ಟು ಕೊಂಡು ಒಳಗೆ ಬಂದವಳು ಎಂಜಿನ್ನನ್ನು ನೋಡಲಿಲ್ಲ, ಫೋನು ತೆಗೆಯಲಿಲ್ಲ. ಅಡುಗೆ ಬೋಗಿಯ ಹತ್ತಿರ ಹೋಗಿ, ಸೀರೆ ಒಟ್ಟು ಮಾಡಿಕೊಂಡು, ಮೂರಡಿಯ ಸಂದಿಯೊಳಗೆ ನುಗ್ಗಿದಳು. ಆ ಸಂದಿಗೆ ಹೋದ ಮೊದಲ ವೀಕ್ಷಕಿ ಆಕೆ. ಕೊನೆಯವಳೂ ಆಕೆಯೇ.

ಆಕೆ ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಟೀಚರಮ್ಮ, ಇದರ ಮೇಲೆ ನಮ್ಮ ನಾನ್ನ ಬರೆದಿದ್ದಾನೆ. ನನ್ನ ಹೆಸರೂ ಬರೆದಿದ್ದಾನೆ."

ಅವಳ ತಂದೆ ರೈಲ್ವೆ ಕಾರ್ಖಾನೆಯಲ್ಲಿ ಬೋಗಿಗಳ ಮೇಲೆ ಅಕ್ಷರ ಬರೆಯುವ ಪೇಂಟರು. ಎಪ್ಪತ್ತೇಳನೆಯ ಇಸವಿಯ ನವೆಂಬರಿನಲ್ಲಿ ಚಂಡಮಾರುತ ಕೃಷ್ಣಾ ನದಿ ಕಡಲು ಸೇರುವ ದಿವಿಸೀಮೆಯನ್ನು ಕೊಚ್ಚಿಹಾಕಿದಾಗ ಈ ಬೋಗಿ ರೇಪಲ್ಲೆಯ ಕಡೆಗೆ ಹೋಗಿ ಹತ್ತೊಂಬತ್ತು ದಿನ ನಿಂತಿತ್ತು. ಆಳು ಸಾಲದೆ ಪೇಂಟರನ್ನೂ ಒಲೆಯ ಮುಂದೆ ನಿಲ್ಲಿಸಿದ್ದರು. ಅವನು ಅಲ್ಲಿರುವಾಗಲೇ ಮಗಳು ಹುಟ್ಟಿದ ಸುದ್ದಿ ಸ್ಟೇಷನ್ನಿನ ಫೋನಿಗೆ ಬಂತು. ಬೋಗಿ ಕಾರ್ಖಾನೆಗೆ ಮರಳಿದ ಮೇಲೆ ಅವನು ಯಾರ ಅಪ್ಪಣೆಯನ್ನೂ ಕೇಳದೆ, ತಗಡಿನ ಬದಿಯ ಕೆಳಮೂಲೆಯಲ್ಲಿ, ಅಡುಗೆ ಮಾಡಿದ ಹತ್ತು ಜನರ ಹೆಸರನ್ನು ಬರೆದ. ಹನ್ನೊಂದನೆಯದಾಗಿ ಮಗಳ ಹೆಸರನ್ನು ಬರೆದ. ಐದಾರು ವರ್ಷದ ಮೇಲೆ ಬೋಗಿಗೆ ಹೊಸ ಬಣ್ಣ ಬಂತು. ಹೆಸರುಗಳು ಅದರಡಿ ಹೋದವು. ಅದೇ ವರ್ಷ ಅವನೂ ತೀರಿಹೋದ.

"ಮನೆಯಲ್ಲಿ ಅವನ ಫೋಟೋ ಇಲ್ಲ, ಟೀಚರಮ್ಮ. ಒಂದು ಕಾಗದದ ಚೂರೂ ಇಲ್ಲ. ಅವನು ಬರೆದಿದ್ದೆಲ್ಲ ಕಬ್ಬಿಣದ ಮೇಲೆ. ಅದನ್ನೆಲ್ಲ ಗುಜರಿಗೆ ಹಾಕಿಬಿಟ್ಟರು. ಇದೊಂದು ಉಳಿದಿದೆ ಅಂತ ಯಾರೋ ಹೇಳಿದರು. ನನ್ನ ಹೆಸರು ಅವನ ಕೈಯಲ್ಲಿ ಹೇಗೆ ಬಂದಿದೆ, ಒಂದು ಸಲ ನೋಡಬೇಕು."

ಅವಳು ಕೇಳಿದ್ದು ಇಷ್ಟೇ. ಪರಿಹಾರವಲ್ಲ, ಸನ್ಮಾನವಲ್ಲ, ಶಿಫಾರಸಲ್ಲ. ಒಂದು ಹೆಸರನ್ನು ಒಂದು ಸಲ ನೋಡುವುದು.

ಟಾರ್ಚನ್ನು ತಗಡಿಗೆ ಒರಗಿಸಿ ಓರೆಯಾಗಿ ಬೆಳಕು ಬಿಟ್ಟೆ. ಬಣ್ಣದಡಿಯ ಅಕ್ಷರಗಳು ಉಬ್ಬಾಗಿ ಕಾಣುತ್ತವೆ; ಇದು ನಮ್ಮ ಕೆಲಸದ ಹಳೆಯ ಉಪಾಯ. ಹನ್ನೊಂದು ಸಾಲುಗಳಿದ್ದವು. ಓದಲು ಬರುವಂತಿರಲಿಲ್ಲ. ಆದರೆ ಇದ್ದವು.

ಬಣ್ಣದ ಪದರಗಳನ್ನು ತಿಳಿಯಲು ನಾವು ಕಿಂಡಿ ತೆರೆಯುತ್ತೇವೆ. ನುಣುಪಾದ ಎಮರಿ ಕಾಗದವನ್ನು ನೀರಿನಲ್ಲಿ ಅದ್ದಿ, ಬೆರಳ ತುದಿಯಿಂದ, ಒಂದೊಂದೇ ಪದರ ಸವೆಸುತ್ತ ಇಳಿಯುವುದು. ಕಿಂಡಿ ಬೆಂಕಿಪೊಟ್ಟಣಕ್ಕಿಂತ ದೊಡ್ಡದಾಗಬಾರದು. ಉಳಿದದ್ದನ್ನು ತರಬೇತಾದ ತಜ್ಞರೇ ತೆರೆಯಬೇಕು. ಈ ನಿಯಮವನ್ನು ಸ್ವಯಂಸೇವಕರ ಕೈಪಿಡಿಯಲ್ಲಿ ಬರೆದವಳು ನಾನು. ಹನ್ನೊಂದನೆಯ ಸಾಲಿನ ಮೊದಲಿಗೆ ಕಿಂಡಿ ತೆರೆದೆ. ಕೆಂಗಂದು, ಅದರಡಿ ಬೂದು, ಅದರಡಿ ಹಸಿರು; ಹಸಿರಿನ ಮೇಲೆ ಕೆನೆಬಣ್ಣದಲ್ಲಿ ಒಂದು ತೆಲುಗು ಅಕ್ಷರ ಎದ್ದುಬಂತು. ಕೋ. ಕೊಂಬಿನ ತುದಿಯನ್ನು ಅವನು ಒಂದಿಷ್ಟು ಮೇಲಕ್ಕೆ ಎಳೆದು, ಹೂವಿನ ಎಸಳಿನಂತೆ ಮುಗಿಸಿದ್ದ. ಸರ್ಕಾರಿ ಅಕ್ಷರಕ್ಕೆ ಆ ಎಸಳಿನ ಅಗತ್ಯವಿರಲಿಲ್ಲ. ಮಗಳ ಹೆಸರಿಗೆ ಇತ್ತು.

"ಇನ್ನೊಂದಿಷ್ಟು ತಿಕ್ಕಿ, ಟೀಚರಮ್ಮ. ಮುಂದಿನದೂ ಕಾಣಲಿ" ಅಂದಳು ಕೋಟೇಶ್ವರಮ್ಮ.

"ಆಗುವುದಿಲ್ಲಮ್ಮ. ನಿಯಮವಿದೆ. ತಜ್ಞರು ಬರುತ್ತಾರೆ, ಪೂರ್ತಿ ತೆರೆಯುತ್ತಾರೆ."

"ಯಾವಾಗ?"

"ಬರುತ್ತಾರೆ."

ಕಿಂಡಿಯ ಮೇಲೆ ರಕ್ಷಣೆಯ ವಾರ್ನಿಷು ಸವರಿ, 'ಮುಟ್ಟಬೇಡಿ' ಎಂಬ ಚೀಟಿ ಅಂಟಿಸಿ, ಫೋಟೋ ತೆಗೆದುಕೊಂಡೆ. ನಿಯಮ ಪಾಲಿಸಿದ ತೃಪ್ತಿಯಿಂದ ಕೈ ತೊಳೆದುಕೊಂಡೆ. ತಜ್ಞರು ಬರಲೇ ಇಲ್ಲ.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ಬೋಗಿಯನ್ನು ದುರಸ್ತಿ ಮಾಡುವ ಮುನ್ನ ಅದರ ಮಾದರಿಯೊಂದು ಬೇಕೆಂದು ಟ್ರಸ್ಟು ಕೇಳಿತು. ಏಳು ತಿಂಗಳು ಕೂತೆ. ಎರಡಡಿ ಉದ್ದದ ಹಿತ್ತಾಳೆಯ ಬೋಗಿ, ಮಡಚುವ ಹಲಗೆಗಳು ನಿಜವಾಗಿ ಮಡಚುತ್ತಿದ್ದವು. ಅದನ್ನು ಇಡುವ ಗಾಜಿನ ಪೆಟ್ಟಿಗೆ ಗೋಡೆಗೆ ಅಂಟಿಕೊಂಡಿತ್ತು; ಒಂದೇ ಬದಿ ಕಾಣುತ್ತಿತ್ತು. ಕಿಟಕಿಗಳ ಬದಿಯನ್ನೇ ಹೊರಗೆ ತಿರುಗಿಸಬೇಕಲ್ಲವೇ? ಅದು ಅಂದ. ಆದರೆ ಹೆಸರುಗಳು ಇನ್ನೊಂದು ಬದಿಯಲ್ಲಿದ್ದವು. ಗೋಡೆಗೆ ಮುಖ ಮಾಡಿ ಯಾರಿಗೂ ಕಾಣದೆ ಹೋಗುತ್ತಿದ್ದವು. ಒಂದೇ ಕೂದಲಿನ ಕುಂಚದಲ್ಲಿ ನಾನು ಓದಲು ಬಾರದ ಹನ್ನೊಂದು ಸಾಲುಗಳ ಗುರುತನ್ನೂ ಆ ಒಂದು ಅಕ್ಷರವನ್ನೂ ಬರೆದೆ. ಕಿಟಕಿಗಳ ಬದಿಯ ಕೆಳಮೂಲೆಯಲ್ಲಿ ಬರೆದೆ.

ಮಾದರಿ ಕಟ್ಟುವವರೆಲ್ಲ ಇದನ್ನು ಮಾಡುತ್ತಾರೆ. ಚೆಲುವಾದದ್ದನ್ನೆಲ್ಲ ಗಾಜಿನ ಕಡೆಗೆ ಸರಿಸುತ್ತಾರೆ. ನಲವತ್ತೇಳು ರಿವೆಟ್ಟುಗಳನ್ನು ಎಣಿಸಿದ ಕೈಯೇ ಹನ್ನೊಂದು ಹೆಸರುಗಳನ್ನು ಒಂದು ಬದಿಯಿಂದ ಇನ್ನೊಂದಕ್ಕೆ ಎತ್ತಿಟ್ಟಿತು.

ಕೋಟೇಶ್ವರಮ್ಮ ಗಾಜಿಗೆ ಹಣೆ ಹಚ್ಚಿ ನೋಡಿದಳು. "ನಾನ್ನ ಬರೆದಿದ್ದು ಆ ಕಡೆ ಅಲ್ವಾ, ಟೀಚರಮ್ಮ?"

"ಆ ಕಡೆ ಬರೆದರೆ ಯಾರಿಗೂ ಕಾಣುವುದಿಲ್ಲಮ್ಮ."

"ನಿಜವಾದದ್ದೂ ಯಾರಿಗೂ ಕಾಣಲ್ಲವಲ್ಲ" ಎಂದಳು. ನಾನು ನಕ್ಕೆ. ಟಿಫಿನ್ ಬಂಡಿಯವಳು ನನಗೆ ನನ್ನದೇ ಪಾಠ ಹೇಳುತ್ತಿದ್ದಳು. ಅದು ನನಗೆ ಕೇಳಿಸಲಿಲ್ಲ.

ಕಳೆದ ಡಿಸೆಂಬರಿನಲ್ಲಿ ದಿನೇಶ ಸಭೆ ಕರೆದು, ಅಡುಗೆ ಬೋಗಿಯನ್ನು ಅಂಗಳದ ಹಳಿಗೆ ತಂದು ನಿಲ್ಲಿಸುವುದಾಗಿಯೂ, ಒಂದು ಬದಿಯನ್ನು ಹಾಗೆಯೇ ಉಳಿಸಿ ಇನ್ನೊಂದು ಬದಿಗೆ ಹೊಸ ಬಣ್ಣ ಹೊಡೆಸುವುದಾಗಿಯೂ ಹೇಳಿದ. ನಾನು ಎದ್ದು, "ಹೆಸರುಗಳಿರುವ ಬದಿಯನ್ನು ಮುಟ್ಟಕೂಡದು" ಎಂದು ಬರೆಸಿದೆ. ಅವನು ನನ್ನ ಕಣ್ಣೆದುರೇ ಬರೆದುಕೊಂಡ. ನಾನು ಊರಿಗೆ ಮರಳಿದೆ.

ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಕೋಟೇಶ್ವರಮ್ಮನ ಫೋನು ಬಂತು. ಹಿಂದೆ ಕಂಪ್ರೆಸರಿನ ಸದ್ದು.

"ಟೀಚರಮ್ಮ, ಬೋಗಿ ಅಂಗಳಕ್ಕೆ ಬಂತು ಅಂತ ಕೇಳಿ ನೋಡಲು ಬಂದೆ. ಬಣ್ಣ ಕೆರೆಯಲು ಮರಳು ಹೊಡೆಯುವ ಮಿಷನ್ನು ತಂದಿದ್ದಾರೆ. ನಾನು ಅಡ್ಡ ನಿಂತಿದ್ದೇನೆ. ಯಾವ ಕಡೆ ಅಂತ ಕೇಳಿದರೆ ಸರಿಯಾಗಿ ಹೇಳುತ್ತಿಲ್ಲ."

ನಾನು ಆಗ ಇನ್ನೊಂದು ಮಾದರಿಗೆ ಬೆಸುಗೆ ಹಾಕುತ್ತಿದ್ದೆ. "ಹೆದರಬೇಡಮ್ಮ" ಎಂದೆ. "ಹೆಸರಿನ ಬದಿಯನ್ನು ಬಿಡಬೇಕೆಂದು ಬರೆದಾಗಿದೆ. ಅನುಮಾನ ಬಂದರೆ ನನ್ನ ಮಾದರಿಯನ್ನು ನೋಡಿಕೊಂಡು ಮಾಡಿ ಅಂತ ಹೇಳು. ಅದರಲ್ಲಿ ಗುರುತಿದೆ."

"ಮಾದರಿಯಲ್ಲಿ ಇದ್ದ ಹಾಗೇ ಮಾಡಲಿ ಅಂತೀರಾ?"

ಅವಳು ಕೇಳಿದ್ದಳು. ಎರಡನೆಯ ಸಲ ಕೇಳಿದ್ದಳು. ನಾನು ಕಾದ ಬೆಸುಗೆ ಕಡ್ಡಿಯನ್ನು ಕೈಯಲ್ಲಿ ಹಿಡಿದೇ, "ಅದರಲ್ಲಿದ್ದ ಹಾಗೇ" ಎಂದೆ.

ಅವಳು ಹೋಗಿ ಹೇಳಿದಳು. ಟೀಚರಮ್ಮ ಹೇಳಿದ ಮೇಲೆ ಅದಕ್ಕೆ ಎದುರಾಡುವ ಹೆಂಗಸಲ್ಲ ಅವಳು. ಗುತ್ತಿಗೆದಾರನ ಮೇಸ್ತ್ರಿ ಗಾಜಿನ ಪೆಟ್ಟಿಗೆಯ ಮುಂದೆ ಹೋಗಿ ನೋಡಿದ. ಕಿಟಕಿಗಳ ಬದಿಯಲ್ಲಿ ಅಕ್ಷರಗಳಿದ್ದವು. ಕಿಟಕಿಗಳ ಬದಿಗೆ ಟಾರ್ಪಾಲು ಹೊದಿಸಿದ. ತಗಡಿನ ಬದಿಯಲ್ಲಿದ್ದ ಚೀಟಿಯನ್ನು ಹಳೆಯ ಕಾಗದವೆಂದು ಕಿತ್ತ. ಅವಳು ಕೂಗಿಕೊಂಡಳಂತೆ, ಇಲ್ಲಿ, ಇಲ್ಲಿ, ಎಂದು ತಗಡನ್ನು ಬಡಿದಳಂತೆ. "ನಿಮ್ಮ ಟೀಚರಮ್ಮನ ಬೊಂಬೆಯಲ್ಲಿ ಆ ಕಡೆ ಇದೆಯಲ್ಲ, ನೀವೇ ತಾನೆ ನೋಡು ಅಂದಿದ್ದು" ಎಂದು ಅವಳನ್ನು ಪಕ್ಕಕ್ಕೆ ಸರಿಸಿದರು. ಮರಳು ಹೊಡೆಯಲು ಇಪ್ಪತ್ತು ನಿಮಿಷ ಸಾಕಾಯಿತು.

ಆ ಶನಿವಾರ ನಾನು ಅಂಗಳಕ್ಕೆ ಕಾಲಿಟ್ಟಾಗ ತಗಡಿನ ಬದಿಗೆ ಹೊಸ ಬಣ್ಣ ಬಂದಿತ್ತು. ಬಾಳೆಯೆಲೆಯ ಮೇಲೆ ಬಡಿಸಿದ ಊಟ, ಪಕ್ಕದಲ್ಲಿ ಆಳೆತ್ತರದ ಸೌಟು. ನೀವು ನಿಂತು ಕೈ ಚಾಚಿದರೆ ಸೌಟು ಹಿಡಿದಂತೆ ಫೋಟೋದಲ್ಲಿ ಬರುತ್ತದೆ. ಹತ್ತೊಂಬತ್ತು ದಿನ ನಿಜವಾಗಿ ಸೌಟು ಹಿಡಿದವರ ಹೆಸರುಗಳನ್ನು ಕೆರೆದು ಆ ಜಾಗದಲ್ಲಿ ಇದನ್ನು ಬರೆದಿದ್ದರು. ಜನ ಸಾಲಿನಲ್ಲಿ ನಿಂತಿದ್ದರು. ಆ ಸಾಲಿನಲ್ಲಿ ನೀವೂ ಇದ್ದಿರಬಹುದು.

ದಿನೇಶನನ್ನು ಕಚೇರಿಯಲ್ಲಿ ಹಿಡಿದೆ. "ಏನು ಮಾಡಿದೆಯಪ್ಪ ನೀನು?"

"ಏನಾಯ್ತೀಗ, ಮೇಡಂ? ನೀವ್ ಹೇಳ್ದಂಗೇ ಮಾಡ್ಸಿವ್ನಿ. ಅಕ್ಸರ ಇರೋ ಕಡೀಕೆ ಕೈ ಹಚ್ಚಿಲ್ಲ."

"ಅಕ್ಷರವಿದ್ದದ್ದು ತಗಡಿನ ಬದಿಯಲ್ಲಿ. ಎರಡು ವರ್ಷದಿಂದ ಇಲ್ಲಿ ಕೂತಿದ್ದೀಯ. ಒಂದು ದಿನವಾದರೂ ಆ ಸಂದಿಗೆ ಹೋಗಿ ನೋಡಲಿಲ್ಲವೇ?"

"ನಾನ್ಯಾಕೆ ಆ ಸಂದೀಗ್ ಹೋಗ್ಲಿ? ಅದ್ಕೇ ಅಲ್ವಾ ಮಾಡೆಲ್ ಮಾಡ್ಸಿದ್ದು? ನಿಮ್ ಕೈಕೆಲ್ಸ ಅಂದ್ರೆ ಕೂದ್ಲೆಳೆ ಆಚೆ ಈಚೆ ಆಗಾಕಿಲ್ಲ ಅಂತ ಎಲ್ರೂ ಹೇಳ್ತಾರೆ. ನಾವೂ ನಂಬುದ್ವಿ." ಸಮಾಧಾನದ ದನಿಯಲ್ಲಿ ಸೇರಿಸಿದ: "ಹೋಗ್ಲಿ ಬುಡಿ ಮೇಡಂ. ಈಗ ಜನ ಎಷ್ಟು ಬತ್ತಾವ್ರೆ ನೋಡಿ."

ನನ್ನ ಸಿಟ್ಟು ಅವನ ಮೇಲಿತ್ತು. ಸೇವೆಯ ಹೆಸರಿನಲ್ಲಿ ಕುರ್ಚಿ ಹಿಡಿದು, ತಾನು ಕಾಯಬೇಕಾದ ವಸ್ತುವನ್ನು ಸುತ್ತಿ ನೋಡುವಷ್ಟೂ ಶ್ರಮ ಪಡದವನ ಮೇಲೆ ಅದು ಇಂದಿಗೂ ಇದೆ. ಆದರೆ ಅವನು ಸಂದಿಗೆ ಹೋಗಿರಲಿಲ್ಲ. ನಾನು ಹೋಗಿದ್ದೆ, ನೋಡಿದ್ದೆ, ಮತ್ತು ನೋಡಿದ್ದನ್ನು ಬದಲಿಸಿ ಬರೆದಿದ್ದೆ. ಇಬ್ಬರಲ್ಲಿ ಯಾರ ತಪ್ಪು ದೊಡ್ಡದೆಂದು ಪರೀಕ್ಷೆಯಲ್ಲಿ ಕೇಳಿದರೆ ನನ್ನ ವಿದ್ಯಾರ್ಥಿಗಳು ಸರಿಯಾಗಿಯೇ ಬರೆದಾರು.

ಮರುದಿನ ಇಬ್ರಾಹಿಂಪಟ್ನಕ್ಕೆ ಹೋದೆ. ಕೋಟೇಶ್ವರಮ್ಮ ಬಂಡಿಯ ಮುಂದೆ ಪೆಸರಟ್ಟು ಎಂಬ ಹೆಸರುಕಾಳಿನ ದೋಸೆ ಹಾಕುತ್ತಿದ್ದಳು. ನಾನು ಕ್ಷಮೆ ಕೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಕೂತುಕೊಳ್ಳಿ, ಟೀಚರಮ್ಮ. ಬಿಸಿ ಇದೆ, ತಿನ್ನಿ." ತಟ್ಟೆ ಕೊಟ್ಟಳು. ಗಿರಾಕಿಗಳು ಹೋದ ಮೇಲೆ ಹೇಳಿದಳು: "ನಾನು ಒಂದೇ ಯೋಚನೆ ಮಾಡುತ್ತಿದ್ದೇನೆ. ಆ ದಿನ ನಿಮ್ಮ ಕೈಯಲ್ಲಿ ತಿಕ್ಕುವ ಕಾಗದ ಇತ್ತು, ನೀರಿತ್ತು. ಇನ್ನೊಂದು ಗಂಟೆ ತಿಕ್ಕಿದ್ದರೆ ನನ್ನ ಹೆಸರು ಪೂರ್ತಿ ಕಾಣುತ್ತಿತ್ತು. ನಿಯಮ ಅಂದಿರಿ. ನಿಮ್ಮ ಬೊಂಬೆಗೆ ನಿಯಮ ಇರಲಿಲ್ವಾ?"

ಪೆಸರಟ್ಟಿನ ದುಡ್ಡನ್ನು ಬಂಡಿಯ ಮೇಲಿಟ್ಟು ಎದ್ದೆ.

ಮನೆಗೆ ಬಂದು ನಡೆದದ್ದೆಲ್ಲವನ್ನೂ ಹೇಳಿದೆ. ನನ್ನ ಪತಿ ಅಂದು ಅಣಕಿಸಲಿಲ್ಲ. ಊಟದ ಮೇಜಿನ ತಮ್ಮ ಕಾಲು ಭಾಗದಿಂದ ತಟ್ಟೆಯನ್ನು ಎತ್ತಿಕೊಂಡು, "ಜಾಗ ಬೇಕಾಗ್ತದ. ಆ ಬೋಗಿ ಇಲ್ಲಿ ತಗೊಂಡ್ ಬರ್ರಿ, ಸರಿ ಮಾಡ್ರಿ" ಎಂದರಷ್ಟೇ.

ಮಾದರಿಯನ್ನು ಮನೆಗೆ ತಂದೆ. ಸರಿ ಮಾಡಿದೆ. ಕಿಟಕಿಗಳ ಬದಿಯಿಂದ ಹನ್ನೊಂದು ಸಾಲುಗಳನ್ನು ಕೆರೆದು ತೆಗೆದೆ. ತಗಡಿನ ಬದಿಯ ಕೆಳಮೂಲೆಯಲ್ಲಿ, ಅವು ಇದ್ದ ಜಾಗದಲ್ಲಿ, ಬಣ್ಣವಿಲ್ಲದ ಬರಿಯ ಲೋಹವನ್ನು ಬಿಟ್ಟು, ಫೋಟೋ ನೋಡಿಕೊಂಡು ಆ ಒಂದು ಅಕ್ಷರವನ್ನು ಬರೆದೆ, ಎಸಳಿನ ಸಮೇತ. ಈಗ ಗಾಜಿನ ಪೆಟ್ಟಿಗೆಯಲ್ಲಿ ತಗಡಿನ ಬದಿಯೇ ಹೊರಗಿದೆ. ಅಂದವಾದ ಕಿಟಕಿಗಳು ಗೋಡೆಯನ್ನು ನೋಡುತ್ತಿವೆ. ಪಕ್ಕದ ಫಲಕದಲ್ಲಿ ನಡೆದದ್ದನ್ನು ನನ್ನ ಹೆಸರು ಹಾಕಿಯೇ ಬರೆದಿದ್ದೇನೆ. ದಿನೇಶನಿಗೆ ಅದು ಹಿಡಿಸಲಿಲ್ಲ. "ಬೋಳ್ ಬೋಳಾಗ್ ಕಾಣ್ತದೆ, ಮೇಡಂ. ಜನ ಏನ್ ನೋಡ್ತಾರೆ ಇದ್ರಾಗೆ?" ಎಂದ. ಫಲಕ ತೆಗೆದರೆ ನಾನೂ ಹೋಗುತ್ತೇನೆ ಎಂದೆ. ಫಲಕ ಉಳಿದಿದೆ.

ಕೋಟೇಶ್ವರಮ್ಮ ಅದನ್ನು ನೋಡಲು ಇನ್ನೂ ಬಂದಿಲ್ಲ. ಕರೆಯುವ ಮುಖ ನನಗಿಲ್ಲ. ಕರೆಯುವುದಾದರೆ ಪೂರ್ತಿ ಹೆಸರನ್ನು ಇಟ್ಟುಕೊಂಡೇ ಕರೆಯಬೇಕು, ಅದೂ ಅವಳ ತಂದೆಯ ಕೈಬರಹದಲ್ಲಿ. ನಾನು ಊಹಿಸಿ ಬರೆದದ್ದು ಮತ್ತೊಂದು ಸುಳ್ಳಾಗುತ್ತದೆ. ಕಬ್ಬಿಣದ ಮೇಲೆ ಅದಿನ್ನು ಇಲ್ಲ. ಇರುವುದಾದರೆ ನಿಮ್ಮಲ್ಲಿ ಇರಬೇಕು.

ಆ ಹೆಸರುಗಳು ಎಪ್ಪತ್ತೇಳರ ಕೊನೆಯಿಂದ ಎಂಬತ್ತಮೂರರವರೆಗೆ ಬಣ್ಣದ ಮೇಲೆ ಬಯಲಾಗಿದ್ದವು. ಬೋಗಿ ಆ ಕಾಲದಲ್ಲಿ ವಿಜಯವಾಡದಲ್ಲಿಯೂ ಸುತ್ತಲಿನ ಸ್ಟೇಷನ್ನುಗಳಲ್ಲಿಯೂ ನಿಲ್ಲುತ್ತಿತ್ತು. ನಿಮ್ಮ ಮನೆಯಲ್ಲಿ ಯಾರೋ ರೈಲ್ವೆಯಲ್ಲಿದ್ದರು. ಯಾರೋ ಅಲ್ಲಿಗೆ ವರ್ಗವಾಗಿ ಹೋಗಿದ್ದರು. ಯಾರೋ ಹೊಸ ಕ್ಯಾಮೆರಾ ಕೊಂಡು ಮಕ್ಕಳನ್ನು ಹಸಿರು ಬೋಗಿಯೊಂದರ ಮುಂದೆ ನಿಲ್ಲಿಸಿದ್ದರು. ಕಪಾಟಿನ ಮೇಲಿನ ಆಲ್ಬಮ್ಮನ್ನು ಇಂದೇ ಇಳಿಸಿ. ನಗುತ್ತಿರುವ ಮುಖಗಳನ್ನು ಬಿಡಿ, ಅವುಗಳನ್ನು ನೀವು ಸಾಕಷ್ಟು ನೋಡಿದ್ದೀರಿ. ಅವರ ಹಿಂದೆ, ಕಿಟಕಿಗಳಿಲ್ಲದ ತಗಡಿನ ಎಡ ಕೆಳಮೂಲೆಯಲ್ಲಿ, ಕೆನೆಬಣ್ಣದ ಹನ್ನೊಂದು ಸಾಲುಗಳಿವೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಕಂಡರೆ ಆ ಫೋಟೋವನ್ನು ನನಗೆ ಕಳಿಸಬೇಡಿ. ಇಬ್ರಾಹಿಂಪಟ್ನದಲ್ಲಿ, ವಿದ್ಯುತ್ ಸ್ಥಾವರದ ಗೇಟಿನ ಎದುರು, ಟಿಫಿನ್ ಬಂಡಿಯ ಕೋಟೇಶ್ವರಮ್ಮನ ಕೈಗೆ ಮುಟ್ಟಿಸಿ.